ಫಿಮ್ಕಕ್ಕನಿಗೆ ಹೆಗಲು

ಸ್ಮಶಾನದ ಗೇಟಿನ ಮುಂದೆ ಡ್ರೈವರ್ ವ್ಯಾನಿನ ಹಿಂಬಾಗಿಲು ತೆರೆದು ಪೆಟ್ಟಿಗೆಯನ್ನು ಅರ್ಧ ಹೊರಗೆ ಎಳೆದಿದ್ದ. ಹೊರಲು ಬಂದ ಗಂಡಸರಿಗೂ ಪೆಟ್ಟಿಗೆಗೂ ನಡುವೆ ಸ್ಲಾವ್ಕಾ ಹೋಗಿ ನಿಂತುಬಿಟ್ಟಳು.

“ನೀವು ಸ್ವಲ್ಪ ಆ ಕಡೆ ಸರೀರಿ. ಅಕ್ಕನ್ನ ನಾವು ಹೊರ್ತೀವಿ.”

“ನಾವು ಅಂದ್ರೆ ಯಾರು?” ಎಂದ ಕಿರೋ. ಸತ್ತ ಫಿಮ್ಕಾಳ ತಮ್ಮ ಅವನು. ಮದುವೆಗೂ ಸಾವಿಗೂ ಒಂದೇ ಅಂತ ಇಟ್ಟುಕೊಂಡಿದ್ದ ಕರಿ ಕೋಟು ಹಾಕಿದ್ದ.

ಸ್ಲಾವ್ಕಾ ತಿರುಗಿ ತೋರಿಸಿದಳು. ಗಾರ್ಮೆಂಟ್ಸಿನಿಂದ ಅರ್ಧ ದಿನ ರಜೆ ಕೇಳಿ ಬಂದ ಐದು ಜನ ಹೆಂಗಸರು ಹಿಂದೆ ನಿಂತಿದ್ದರು. ಕರಿ ಲಂಗಗಳ ತುಂಬ ದಾರದ ಚೂರು ಅಂಟಿಕೊಂಡಿತ್ತು.

“ಹೆಂಗಸರು ಹೆಣ ಹೊರೋದಾ? ನಮ್ಮ ಶ್ಟಿಪ್ ಊರಲ್ಲಿ ಯಾರಾದ್ರೂ ಕಂಡಿದೀರಾ? ಬದುಕಿದ್ದಾಗ ಸಿಕ್ಕಸಿಕ್ಕವರ ಮೈ ಒತ್ತಿ ನನ್ನ ಮಾನ ತೆಗೆದ್ಲು. ಇವತ್ತೊಂದು ದಿನ ಆದ್ರೂ ಮರ್ಯಾದೆಯಾಗಿ ಹೋಗ್ಲಿ ಬಿಡಿ.”

“ಸಿಕ್ಕಸಿಕ್ಕವರಲ್ಲ ಕಿರೋ ಅಣ್ಣ, ನಮ್ಮ ಮೈ. ಹೊರೋಕೆ ಹೇಳಿದ್ದೂ ಅವಳೇ. ನಾನು ಹೂಂ ಅಂದಿದೀನಿ.”

“ಪಾದ್ರಿಗಳೇ, ನೀವಾದ್ರೂ ಹೇಳಿ.”

ಪಾದ್ರಿ ಕುತ್ತಿಗೆಯನ್ನು ನಿಧಾನವಾಗಿ ಬಲಕ್ಕೊಮ್ಮೆ ಎಡಕ್ಕೊಮ್ಮೆ ತಿರುಗಿಸಿದರು. ಈಸ್ಟರ್ ಪೂಜೆಗೆ ಮುಂಚೆ ಪ್ರತಿ ವರ್ಷ ಅವರು ಆ ಕುತ್ತಿಗೆ ಒತ್ತಿಸಿಕೊಳ್ಳಲು ಹಿತ್ತಿಲ ಬಾಗಿಲಿನಿಂದ ಫಿಮ್ಕಾಳ ಅಡುಗೆಮನೆಗೆ ಹೋಗುತ್ತಿದ್ದದ್ದು ಗೊತ್ತಿಲ್ಲದವರು ಆ ಗುಂಪಿನಲ್ಲಿ ಇರಲಿಲ್ಲ.

“ಗಂಡಸರೇ ಹೊರ್ಬೇಕು ಅಂತ ನಾನು ಓದಿದ್ರಲ್ಲಿ ಎಲ್ಲೂ ಬರೆದಿಲ್ಲ,” ಎಂದರು. “ಆದ್ರೆ ಏರು ಜಾಸ್ತಿ ಇದೆ, ಮಂಜು ಬೇರೆ ಬಿದ್ದಿದೆ. ಹುಷಾರು ತಾಯಿ.”

ಸ್ಲಾವ್ಕಾ ತಲೆಯಾಡಿಸಿದಳು. ಬಾಯಲ್ಲಿ ಏನೋ ಧೈರ್ಯವಾಗಿ ಹೇಳಿಬಿಟ್ಟಿದ್ದಳು. ಒಳಗೆ ಮಾತ್ರ ಹೆದರಿಕೆ. ಅವಳ ಬಲ ಹೆಗಲು ಮತ್ತೆ ಕಲ್ಲಾಗಿ ತಿಂಗಳುಗಳೇ ಆಗಿದ್ದವು. ಅರ್ಧ ದಾರಿಯಲ್ಲಿ ಅದು ಕೈಕೊಟ್ಟರೆ ಅಕ್ಕ ನೆಲದ ಮೇಲೆ, ಕಿರೋನ ಮಾತು ಊರಿನ ಬಾಯಲ್ಲಿ.

*

ವರ್ಷಗಳ ಹಿಂದಿನ ಮಾತು, ಸ್ಲಾವ್ಕಾ ಗಾರ್ಮೆಂಟ್ಸಿಗೆ ಸೇರಿ ಎರಡು ಮೂರು ಚಳಿಗಾಲ ಕಳೆದಿತ್ತು. ಬಲಗಣ್ಣಿನ ಮೇಲೆ ಮೊಳೆ ಹೊಡೆದಂಥ ತಲೆನೋವು. ಮಾತ್ರೆ ನುಂಗಿ ನುಂಗಿ ಹೊಟ್ಟೆ ಕೆಟ್ಟಿತ್ತು, ತಲೆ ಹಾಗೇ ಇತ್ತು. ಒಂದು ದಿನ ಊಟದ ಬಿಡುವಿನಲ್ಲಿ ಇಸ್ತ್ರಿ ಮಾಡುವ ಫಿಮ್ಕಾ ಅವಳ ತೋಳು ಹಿಡಿದು ಕರೆದುಕೊಂಡು ಹೋಗಿ ಇಸ್ತ್ರಿ ಮೇಜಿನ ಮುಂದೆ ಕೂರಿಸಿ, ಹೆಗಲ ಮೇಲೆ ಕೈಯಿಟ್ಟಳು.

“ನೋಯ್ತಿರೋದು ತಲೆ ಅಕ್ಕಾ, ಹೆಗಲಲ್ಲ.”

“ಕಿರುಚ್ತಿರೋದು ತಲೆ. ಚಿವುಟ್ತಿರೋನು ಬೇರೆ ಕಡೆ ಕೂತಿದಾನೆ. ಸುಮ್ನಿರು ಒಂಚೂರು.”

ಕುತ್ತಿಗೆಯಿಂದ ಹೆಗಲಿಗೆ ಇಳಿಯುವ ಮಾಂಸದ ಮೇಲೆ ಅವಳ ಹೆಬ್ಬೆರಳು, ನಾದಿದ ಹಿಟ್ಟಿನಲ್ಲಿ ಉಳಿದ ಗಂಟನ್ನು ಹುಡುಕುವ ಹಾಗೆ, ಮೆಲ್ಲಗೆ ಓಡಾಡಿತು. ಒಂದು ಕಡೆ ನಿಂತಿತು. ಒತ್ತಿತು. ಸ್ಲಾವ್ಕಾಳ ಕಣ್ಣಿನ ಮೇಲಿದ್ದ ಮೊಳೆ ಚುರ್ ಎಂದಿತು. ಹೆಗಲು ಒತ್ತಿದರೆ ಹಣೆ ನೋಯುವುದೆಂದರೆ ಏನು ಕತೆ ಇದು ಅಂತ ಅವಳು ಎದ್ದೇಳಲು ನೋಡಿದಳು.

“ಸಿಕ್ಕಿಬಿದ್ದ,” ಎಂದಳು ಫಿಮ್ಕಾ ಖುಷಿಯಿಂದ. “ನರ ಅಲ್ಲ ಕಣೆ ಇದು, ಮಾಂಸ ಗಂಟು ಕಟ್ಟಿದೆ. ಈಗ ಉಸಿರು ಬಿಡು. ಎಳ್ಕೋಬೇಡ, ಬಿಡು. ನೀನು ಬಿಟ್ರೆ ಅವನೂ ಬಿಡ್ತಾನೆ.”

ಅವಳು ತಿಕ್ಕಲಿಲ್ಲ, ಹಿಸುಕಲಿಲ್ಲ. ಒತ್ತಿ ಹಿಡಿದು ಕಾದಳು, ಅಷ್ಟೆ. ಸ್ವಲ್ಪ ಹೊತ್ತಿಗೆ ಬೆರಳಡಿಯ ಕಲ್ಲು ಮೆತ್ತಗಾಯಿತು, ಹಣೆಯೂ ಸುಮ್ಮನಾಯಿತು. ಸ್ಲಾವ್ಕಾ ಕಾರಣವಿಲ್ಲದೆ ಅತ್ತುಬಿಟ್ಟಳು. ಫಿಮ್ಕಾ ಅಲ್ಲಿಗೊಂದು ಬಿಸಿ ಒದ್ದೆ ಬಟ್ಟೆ ಹಾಕಿ ತೆಗೆದು, ಕಪಾಟಿನ ಮೇಲಿನ ಬಟ್ಟೆಯ ಕಟ್ಟು ಇಳಿಸಿಕೊಡು ಅಂದಳು.

“ಈಗ್ಲಾ?”

“ಈಗ್ಲೇ. ಬಿಡಿಸ್ಕೊಂಡ ಕೈನ ಮಡಿಲಲ್ಲಿಟ್ಕೊಂಡು ಕೂತ್ರೆ ನಾಳೆ ಮತ್ತೆ ಕಟ್ಟುತ್ತೆ. ಕೆಲಸ ಕೊಡು ಅದಕ್ಕೆ.”

ಸೂಪರ್‌ವೈಸರ್ ರಿಸ್ಟೋ ಬಾಗಿಲಲ್ಲಿ ನಿಂತಿದ್ದ. “ಇದೇನು ಹೊಲಿಗೆ ಫ್ಯಾಕ್ಟರಿನಾ, ಬಚ್ಚಲುಮನೆನಾ?”

“ಊಟದ ಬಿಡುವು ನಮ್ದು ಸಾರ್. ನಾನು ಉಣ್ಣಲ್ಲ, ಒತ್ತುತೀನಿ.”

“ಮೇಜು ಕಂಪನಿದು.”

ಮರುದಿನದಿಂದ ಊಟದ ಹೊತ್ತಿಗೆ ಇಸ್ತ್ರಿ ಕೋಣೆಗೆ ಬೀಗ ಬಿತ್ತು. ಫಿಮ್ಕಾ ಮೆಟ್ಟಿಲ ಮೇಲೆ ಕೂತಳು. ಮೆಟ್ಟಿಲೂ ಕಂಪನಿಯದು ಅಂದಾಗ ಅಂಗಳಕ್ಕೆ ಹೋದಳು. ಹಿಮ ಬೀಳುವಾಗ ಒಬ್ಬಳು ಕೊಡೆ ಹಿಡಿಯುತ್ತಿದ್ದಳು, ಒಬ್ಬಳು ಕೂರುತ್ತಿದ್ದಳು, ಉಳಿದವರು ಸಾಲು ನಿಲ್ಲುತ್ತಿದ್ದರು. ಅಂಗಳ ಯಾರದು ಅಂತ ಹೇಳುವುದನ್ನು ರಿಸ್ಟೋನೇ ಕೊನೆಗೆ ಬಿಟ್ಟ.

*

“ಸರಿ, ಹಿಡ್ಕೊಳ್ಳಿ,” ಎಂದಳು ಸ್ಲಾವ್ಕಾ.

ಹೆಂಗಸರು ಸರಸರನೆ ಹೋಗಿ ಪೆಟ್ಟಿಗೆಯ ಬಲಬದಿಗೆ ಸಾಲಾಗಿ ನಿಂತರು. ಸ್ಲಾವ್ಕಾಳೂ ಸೇರಿ ಆರೂ ಜನ. ಎಡಬದಿಯಲ್ಲಿ ಒಂದು ನರಪಿಳ್ಳೆಯೂ ಇಲ್ಲ.

ಗುಂಪಿನಲ್ಲಿ ಯಾರೋ ಕಿಸಕ್ಕೆಂದರು. “ಹಿಂಗೆ ಹೊತ್ರೆ ಫಿಮ್ಕಾ ಆ ಕಡೆ ಉರುಳ್ಕೊಂಡು ವಾಪಸ್ ಮನೆಗೇ ಹೋಗ್ತಾಳೆ,” ಎಂದ ಕಿರೋನ ಗೆಳೆಯನೊಬ್ಬ.

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬಲಬದಿಗೆ ನಿಂತರೆ ಭಾರ ಎಡ ಹೆಗಲಿಗೆ ಬೀಳುತ್ತದೆ, ಅದಕ್ಕೆ. ವರ್ಷಗಟ್ಟಲೆ ಒಂದೇ ಥರದ ಮಷೀನಿನ ಮುಂದೆ ಕೂತು ಒಂದೇ ಕೈಯಲ್ಲಿ ಬಟ್ಟೆ ತಳ್ಳಿದ ಅವರೆಲ್ಲರಿಗೂ ಬಲ ಹೆಗಲೇ ಕೆಟ್ಟಿತ್ತು. “ನಿಮ್ಮ ಬಲ ಹೆಗಲೆಲ್ಲ ಕಿತ್ತು ಒಂದು ಬುಟ್ಟಿಗೆ ಹಾಕಿದ್ರೆ ಯಾವ್ದು ಯಾರ್ದು ಅಂತ ನಿಮಗೇ ಗೊತ್ತಾಗಲ್ಲ,” ಅಂತ ಫಿಮ್ಕಾ ನಗಾಡುತ್ತಿದ್ದಳು.

“ನಾನಂತೂ ಈ ಕಡೆ ಬಿಟ್ಟು ಅಲ್ಲಾಡಲ್ಲ. ಅಕ್ಕ ನನ್ನ ಕ್ಷಮಿಸ್ಲಿ,” ಎಂದಳು ದಪ್ಪ ದೇಹದ ಬ್ಲಾಗಿಟ್ಸಾ.

ಸ್ಲಾವ್ಕಾ ಪೆಟ್ಟಿಗೆಯನ್ನು ಸುತ್ತಿಕೊಂಡು ಹೋಗಿ ಎಡಬದಿಯಲ್ಲಿ ಎಲ್ಲರಿಗಿಂತ ಮುಂದೆ ನಿಂತಳು.

“ಲೇ, ಬೇಡ ಕಣೆ,” ಎಂದಳು ಪಾವ್ಲಿನಾ. “ಎಲ್ಲರಿಗಿಂತ ಹಾಳಾಗಿರೋದು ನಿಂದೇ.”

“ಗೊತ್ತು.”

“ಥೂ, ನಿನ್ನ ಹಟಕ್ಕಿಷ್ಟು,” ಎಂದು ಬೈದುಕೊಂಡೇ ಪಾವ್ಲಿನಾ ಬಂದು ಅವಳ ಹಿಂದೆ ನಿಂತಳು. ನೆವೆಂಕಾ ಬಂದು ಮೂರನೆಯವಳಾದಳು.

“ಜಾರಿ ಬಿದ್ರೆ?” ಎಂದ ಕಿರೋ.

“ಬಿದ್ರೆ ನನ್ನ ಮೇಲೆ ಬೀಳುತ್ತೆ. ನಿಮ್ಮ ಕೋಟು ಕೊಳೆಯಾಗಲ್ಲ.”

*

ಫಿಮ್ಕಾಳ ಕಾಯಿಲೆ ಜೋರಾದ ಮೇಲೆ ಒಂದು ಸಂಜೆ ಸ್ಲಾವ್ಕಾ ಕುಂಬಳಕಾಯಿ ರೊಟ್ಟಿ ಕಟ್ಟಿಕೊಂಡು ಅವಳನ್ನು ನೋಡಲು ಹೋಗಿದ್ದಳು. ಫಿಮ್ಕಾ ರೊಟ್ಟಿಯ ಕಡೆ ನೋಡಲೇ ಇಲ್ಲ.

“ಕತ್ತು ಯಾಕೆ ಓರೆ ಇಟ್ಕೊಂಡಿದೀಯ?”

“ಏನಿಲ್ಲ ಅಕ್ಕ.”

“ಯಾರ ಹತ್ರ ಹೇಳ್ತಿದೀಯ ಸುಳ್ಳು? ಬಾ ಇಲ್ಲಿ, ಕೂತ್ಕೋ.”

ಹೆಬ್ಬೆರಳು ಹುಡುಕಲೇ ಇಲ್ಲ. ಸೀದಾ ಅದೇ ಜಾಗಕ್ಕೆ ಹೋಯಿತು. ಆದರೆ ಅದರಲ್ಲಿ ಭಾರವೇ ಇರಲಿಲ್ಲ. ಫಿಮ್ಕಾ ಮೊಣಕೈ ಊರಿ, ತುಟಿ ಕಚ್ಚಿ, ಇದ್ದಬದ್ದ ಶಕ್ತಿಯೆಲ್ಲ ಹಾಕಿದಳು. ಮಗು ಮುಟ್ಟಿದಷ್ಟೂ ತಾಗಲಿಲ್ಲ. ಸ್ಲಾವ್ಕಾ ಕತ್ತು ನೆಟ್ಟಗೆ ಮಾಡಿಕೊಂಡಳು.

“ಹಾಂ ಅಕ್ಕ, ಬಿಡ್ತು.”

“ಬಿಟ್ಟಿಲ್ಲ. ನನ್ನ ಬೆರಳಿಗೆ ಗೊತ್ತಾಗಲ್ವಾ?” ಫಿಮ್ಕಾ ಕೈ ತೆಗೆದು ಹಾಸಿಗೆಯ ಮೇಲಿಟ್ಟುಕೊಂಡಳು. ಅದನ್ನೇ ನೋಡಿದಳು. “ಅರ್ಧಕ್ಕೆ ಬಿಟ್ಟು ಹೋಗ್ತಿದೀನಿ ನೋಡು. ಸಿಟ್ಟು ಬರುತ್ತೆ.” ಆಮೇಲೆ ಅಂದಳು: “ಕಿರೋ ನನ್ನನ್ನ ಹೊರೋದು ಬೇಡ. ಕಂಡವರ ಮೈ ಮುಟ್ಟೋ ಕೈ ಅಂತ ನಾನು ಕೊಟ್ಟ ನೀರೂ ಕುಡಿಯಲ್ಲ ಅವನು. ನೀವೇ ಹೊರಿ.”

“ನಮ್ಮ ಈ ಹೆಗಲ ಮೇಲಾ ಅಕ್ಕ?”

“ಮತ್ತೆ? ಇಷ್ಟು ವರ್ಷ ನಾನು ಅವನ್ನ ಯಾಕೆ ರಿಪೇರಿ ಮಾಡ್ದೆ ಅಂದ್ಕೊಂಡಿದೀಯ? ಆ ರಿಸ್ಟೋಗೆ ಪ್ಯಾಂಟು ಹೊಲೀಲಿ ಅಂತಲಾ?”

*

ಎತ್ತಿದಾಗ ಅಷ್ಟೇನೂ ಭಾರ ಅನ್ನಿಸಲಿಲ್ಲ. ಕಾಯಿಲೆ ಫಿಮ್ಕಾಳನ್ನು ಅರ್ಧ ತಿಂದುಹಾಕಿತ್ತು. ಗೇಟು ದಾಟಿದರು, ಮೊದಲ ಸಾಲಿನ ಸಮಾಧಿಗಳನ್ನು ದಾಟಿದರು. ಹಿಂದೆ ಕಿರೋನ ಹೆಂಡತಿ ಸತ್ತವಳ ಹೆಸರಲ್ಲಿ ಹಂಚಲು ಬೇಯಿಸಿದ ಗೋಧಿಯ ತಟ್ಟೆ, ವೈನ್ ಬಾಟಲಿ ಹಿಡಿದು ಬರುತ್ತಿದ್ದಳು. ಕಿರೋ ಮಾತ್ರ ಸ್ಲಾವ್ಕಾಳ ಪಕ್ಕದಲ್ಲೇ, ಯಾವಾಗ ಬೀಳುತ್ತೋ ಅಂತ ಎರಡೂ ಕೈ ಮುಂದೆ ಚಾಚಿಕೊಂಡು ನಡೆಯುತ್ತಿದ್ದ.

ಏರು ಶುರುವಾದಾಗ ಭಾರವೆಲ್ಲ ಹಿಂದಿನವರ ಕಡೆ ಜಗ್ಗಿತು. ತಿರುವಿನಲ್ಲಿ ಬ್ಲಾಗಿಟ್ಸಾಳ ಕಾಲು ಜಾರಿತು. ಪೆಟ್ಟಿಗೆ ಒಮ್ಮೆ ಆ ಬದಿಗೆ ವಾಲಿ ಮತ್ತೆ ಈ ಬದಿಗೆ ತೂಗಿ, ಅದರ ತಳದ ಅಂಚು ಸ್ಲಾವ್ಕಾಳ ಹೆಗಲ ಮೇಲಿಂದ ಒಳಕ್ಕೆ ಸರಿದು, ಕುತ್ತಿಗೆ ಇಳಿಯುವಲ್ಲಿ ಬಂದು ಕೂತಿತು. ಬಲಗಣ್ಣಿನ ಮೇಲೆ ಚುರ್ ಎಂದಿತು. ಅದೇ ಜಾಗ. ಒಂದು ಕೂದಲೆಳೆ ಆಚೆಯಲ್ಲ, ಈಚೆಯಲ್ಲ.

ಅವಳ ಮೊಣಕಾಲು ಬಾಗಿತು. ಹಿಂದೆ ಜನ ಹಾ ಎಂದರು.

“ಕೊಡು ಸ್ಲಾವ್ಕಾ,” ಎಂದ ಕಿರೋ. ದನಿಯಲ್ಲಿ ಈಗ ಕುಹಕ ಇರಲಿಲ್ಲ. “ಸಾಕು. ನನ್ನ ಅಕ್ಕ ಕಣೆ ಅವಳು. ಕೊಡು.”

ಸ್ಲಾವ್ಕಾ ಉಸಿರು ಎಳೆದುಕೊಳ್ಳಲು ಹೋಗಿ ತಡೆದಳು. ಮೊಣಕಾಲು ನೆಟ್ಟಗೆ ಮಾಡಿ ನಿಂತಳು.

“ಬೇಡ ಅಣ್ಣ. ಒಂದು ನಿಮಿಷ ನಿಲ್ಲಿ. ಅಕ್ಕ ಒತ್ತುತಿದಾಳೆ.”

ಕಿರೋನಿಗೆ ಅರ್ಥವಾಗಲಿಲ್ಲ. ಹಿಂದಿದ್ದ ಪಾವ್ಲಿನಾಳಿಗೆ ಆಯಿತು.

“ಹಾಗಾದ್ರೆ ಉಸಿರು ಬಿಡೇ,” ಎಂದಳು. “ಎಳ್ಕೋಬೇಡ, ಬಿಡು.”

ಸ್ಲಾವ್ಕಾ ಉಸಿರು ಬಿಟ್ಟಳು. ಹಿಂದೆಯೇ ಪಾವ್ಲಿನಾ ಬಿಟ್ಟಳು, ನೆವೆಂಕಾ ಬಿಟ್ಟಳು, ಆ ಬದಿಯಲ್ಲಿ ಬ್ಲಾಗಿಟ್ಸಾ ಎಲ್ಲರಿಗೂ ಕೇಳುವ ಹಾಗೆ ಬಿಟ್ಟಳು. ಕಡಿದಾದ ದಾರಿಯ ನಡುವೆ ಹೆಣ ಹೊತ್ತುಕೊಂಡೇ ಆರು ಜನ ಹೆಂಗಸರು ಅಲ್ಲಾಡದೆ ನಿಂತಿದ್ದರು, ಆ ಚಳಿಯಲ್ಲಿ ಅವರ ಬಾಯಿಂದ ಬಿಳಿ ಹಬೆ ಪೆಟ್ಟಿಗೆಯ ಎರಡೂ ಬದಿಗೆ ಏಳುತ್ತಿತ್ತು, ಇಸ್ತ್ರಿ ಕೋಣೆಯಲ್ಲಿ ಏಳುತ್ತಿದ್ದ ಹಾಗೆ. ಕಿರೋ ಚಾಚಿದ ಕೈಗಳನ್ನು ಇಳಿಸಿ, ತಲೆಯ ಮೇಲಿನ ಟೋಪಿ ತೆಗೆದ. ಸ್ಲಾವ್ಕಾಳ ಹಣೆ ಸುಮ್ಮನಾಯಿತು, ಕಾಲು ಮುಂದಕ್ಕೆ ಬಂತು.