ಎಡಗಡೆ ಅರ್ಧ ಇಂಚು

ನಮ್ಮ ಮಹಿಳಾ ಬಳಗದಲ್ಲಿ ಗಂಡಸಾಗುವವಳು ಯಾವಾಗಲೂ ನಾನೇ. ಐದಡಿ ಎಂಟಿಂಚು ಎತ್ತರ, ಉದ್ದ ಕೈ, ದಪ್ಪ ಗಂಟಲು. ಮಳವಳ್ಳಿಯಲ್ಲಿ ಇಪ್ಪತ್ತಾರು ವರ್ಷದಿಂದ ಹೆಂಗಸರ ಬಟ್ಟೆ ಹೊಲಿಯುತ್ತಿದ್ದೇನೆ. ಟೈಲರ್ ಇಂದ್ರಮ್ಮನ ಅಂಗಡಿ ಅಂದರೆ ಆಟೋದವರು ಸೀದಾ ತಂದು ಬಿಡುತ್ತಾರೆ. ಬಳಗದ ವಾರ್ಷಿಕೋತ್ಸವಕ್ಕೆ ಜೋಡಿ ಕುಣಿತ ಇಟ್ಟರೆ ಗಂಡಂದಿರು ಯಾರೂ ಬರುವುದಿಲ್ಲ, ಬಂದರೂ ಊಟದ ಹೊತ್ತಿಗೆ. ಹಾಗಾಗಿ ಎತ್ತರದವರು ಪಂಚೆ ಉಟ್ಟು ಗಂಡಸರಾಗುತ್ತೇವೆ, ಉಳಿದವರು ಹೆಂಗಸರಾಗಿಯೇ ಇರುತ್ತಾರೆ. ಆರು ವರ್ಷ ನನ್ನ ಜೋಡಿ ವನಜಾ, ಬೆಳಕವಾಡಿ ಅಂಗನವಾಡಿಯ ಟೀಚರು.

ಅವಳು ಹೋಗಿ ಒಂದು ವರ್ಷವಾಯಿತು. ಎದೆಯ ಕ್ಯಾನ್ಸರ್. ಈ ಸಲದ ಕಾರ್ಯಕ್ರಮ ಅವಳ ಹೆಸರಿನಲ್ಲೇ ಅಂತ ನಮ್ಮ ಅಧ್ಯಕ್ಷೆ ಶಾಲಿನಿ ಮೇಡಂ ಹೇಳಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

"ಮಂಡ್ಯದಲ್ಲಿ ದೊಡ್ಡ ಹಾಲ್ ತಗೊಳ್ಳೋಣ, ಟಿಕೆಟ್ ಇಡೋಣ," ಎಂದರು ಶಾಲಿನಿ ಮೇಡಂ. "ಕ್ಯಾನ್ಸರ್ ತಪಾಸಣೆ ಮಾಡೋ ವ್ಯಾನು ನಮ್ಮ ತಾಲ್ಲೂಕಿನ ಊರೂರಿಗೂ ಬರೋ ಹಾಗೆ ಮಾಡೋಣ. ಆದ್ರೆ ಕೋಲಾಟಕ್ಕೆ ಯಾರೂ ಟಿಕೆಟ್ ತಗೊಳ್ಳಲ್ಲ. ಈ ಸಲ ಸಾಲ್ಸಾ."

"ಅದೇನು, ತಿನ್ನಾದಾ?" ಎಂದರು ಪಟ್ಟಲಮ್ಮ. ಬಳಗದಲ್ಲೇ ಹಿರಿಯರು, ಅರವತ್ತೆಂಟು ವರ್ಷ.

"ಕುಣಿಯೋದು ಕಣಮ್ಮ. ಜೋಡೀಲಿ."

"ಸರಿ ಬುಡು. ಇಂದ್ರಮ್ಮ ಇನ್ನೊಂದ್ಸಲ ಗಂಡ್ಸಾಯ್ತಾಳೆ."

ಮೂರು ಭಾನುವಾರ ಮಿನಿ ಬಸ್ಸಿನಲ್ಲಿ ಮದ್ದೂರಿನ ಮೇಲೆ ಮಂಡ್ಯಕ್ಕೆ ಹೋಗಿ ಕಲಿಯುವುದೆಂದು ಗೊತ್ತಾಯಿತು. ಕಲಿಸಲು ಮೈಸೂರಿನಿಂದ ಬಂದವನು ಪುನೀತ್. ಸಣ್ಣ ವಯಸ್ಸು, ದೊಡ್ಡ ತಾಳ್ಮೆ. ಜಿಮ್ಮಿನ ಮೇಲಿನ ಹಾಲಿನಲ್ಲಿ ನಮ್ಮನ್ನು ಎರಡು ಸಾಲು ನಿಲ್ಲಿಸಿ ಲೆಕ್ಕ ಹೇಳಿಕೊಟ್ಟ.

"ಒಂದು, ಎರಡು, ಮೂರು, ಆಮೇಲೆ ಸುಮ್ನೆ ನಿಲ್ಲಿ. ಐದು, ಆರು, ಏಳು, ಮತ್ತೆ ನಿಲ್ಲಿ."

"ನಾಕು ಎಲ್ಲೋಯ್ತಪ್ಪ?" ಎಂದರು ಪಟ್ಟಲಮ್ಮ.

"ನಾಕರಲ್ಲಿ ಏನೂ ಮಾಡಬಾರದು ಅಜ್ಜಿ. ಸುಮ್ಮನಿರಬೇಕು."

"ಅದೊಂದ್ ನನ್ ಕೈಲಾಗಾಕಿಲ್ಲ. ಬ್ಯಾರೆ ಏನಾರ ಏಳು."

ಎಲ್ಲರೂ ನಕ್ಕರು. ಆವತ್ತು ನಾವು ಏಳು ಜನ. ಜೋಡಿ ಇಲ್ಲದೆ ಉಳಿದವಳು ನಾನು. "ಆಂಟಿ, ಎದುರಿಗೆ ಯಾರೋ ಇದ್ದಾರೆ ಅಂದ್ಕೊಳ್ಳಿ. ಎಡಗೈಲಿ ಅವರ ಕೈ, ಬಲಗೈ ಅವರ ಬೆನ್ನ ಮೇಲೆ, ಕಂಕುಳಿನ ಸ್ವಲ್ಪ ಕೆಳಗೆ," ಎಂದ ಪುನೀತ್. ನಾನು ಗಾಳಿಯನ್ನು ಹಿಡಿದು ನಿಂತೆ. ಒಂದು, ಎರಡು, ಮೂರು. ಎಲ್ಲರ ಕಾಲೂ ನಿಂತವು. ಹಾಲ್ ನಿಶ್ಶಬ್ದವಾಯಿತು. ಆಗ ನನ್ನ ಬಲಗೈ ಬೆರಳುಗಳ ಕೆಳಗೆ ಅದು ಬಂತು. ಹುಣಸೆಬೀಜದಷ್ಟು ಗಂಟು, ಗಟ್ಟಿ. ಒತ್ತಿದರೆ ಜಾರದು.

ಐದು ಅನ್ನುವಷ್ಟರಲ್ಲಿ ಇಲ್ಲ.

ಅದು ನನ್ನ ಬೆರಳಿಗೆ ಗೊತ್ತಿದ್ದದ್ದೇ. ಎರಡು ವರ್ಷದ ಹಿಂದೆ ವಾರ್ಷಿಕೋತ್ಸವಕ್ಕೆಂದು ವನಜಾ ಹಸಿರು ರವಿಕೆ ಹೊಲಿಯಲು ಕೊಟ್ಟಿದ್ದಳು. ಕಚ್ಚಾ ಹೊಲಿಗೆ ಹಾಕಿ, ತೊಡಿಸಿ, ಕನ್ನಡಿ ಮುಂದೆ ನಿಲ್ಲಿಸಿ ಎಡಪಕ್ಕ ಹಿಡಿಯುತ್ತಿದ್ದೆ. ಬಾಯಲ್ಲಿ ನಾಲ್ಕು ಗುಂಡುಪಿನ್ನು. ಕಂಕುಳಿನ ಕೆಳಗೆ ಬೆರಳಿಗೆ ಅದು ತಗುಲಿತು. ಕೈ ಅಲ್ಲೇ ನಿಂತಿತು. ತಲೆ ಎತ್ತಿದರೆ ಕನ್ನಡಿಯಲ್ಲಿ ವನಜಾ ನನ್ನನ್ನೇ ನೋಡುತ್ತಿದ್ದಳು. ಅವಳಿಗೆ ಗೊತ್ತಿದೆಯೆಂದು ನನಗೆ ಗೊತ್ತಾಯಿತು. ನನಗೆ ಗೊತ್ತಾದದ್ದು ಅವಳಿಗೂ.

"ಎಡಗಡೆ ಇಡೀತದೆ ಕಣೆ ಇಂದ್ರಿ," ಎಂದಳು. "ಅರ್ಧ ಇಂಚು ಬುಡು."

ಪಿನ್ನು ತೆಗೆದು ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ. ಸೀಮೆಸುಣ್ಣದಲ್ಲಿ ಗೆರೆ ಎಳೆದು ಅರ್ಧ ಇಂಚು ಬಿಟ್ಟೆ. ಆ ರವಿಕೆ ತೆಗೆದುಕೊಂಡು ಹೋಗಲು ಅವಳು ಬರಲೇ ಇಲ್ಲ. ಆ ವರ್ಷ ಹಳೆಯದನ್ನೇ ತೊಟ್ಟು ನನ್ನ ಜೊತೆ ಕುಣಿದಳು. ಏಳು ತಿಂಗಳಾದ ಮೇಲೆ ಆಸ್ಪತ್ರೆಗೆ ಹೋದಳು. ಮೊದಲೇ ಬರಬೇಕಿತ್ತು ಎಂದರಂತೆ ಡಾಕ್ಟರು.

ಎರಡನೇ ಭಾನುವಾರ, ಕುಣಿಯುವವರ ಲೆಕ್ಕದಲ್ಲಿಲ್ಲದ ಶಾಲಿನಿ ಮೇಡಂ ಆವತ್ತಿನ ಮಟ್ಟಿಗೆ ನನಗೆ ಜೋಡಿಯಾದರು. ನಾಲ್ಕರಲ್ಲಿ ಅವರ ಬೆನ್ನಿನಲ್ಲೂ ಅದು ಸಿಕ್ಕಿತು. ಗಾಬರಿಯಾಗಿ ಕೈ ತೆಗೆದು, ಮತ್ತೆ ಇಟ್ಟು ನೋಡಿದೆ. ಏನೂ ಇಲ್ಲ. ಮನೆಗೆ ಬಂದು ಚಪಾತಿ ಹಿಟ್ಟು ನಾದುತ್ತಾ ಕೈ ನಿಲ್ಲಿಸಿದಾಗ ಸಿಕ್ಕಿತು. ಮಿಷನ್ನು ತುಳಿಯುವುದು ನಿಲ್ಲಿಸಿ ದಾರ ಕತ್ತರಿಸುವ ಗಳಿಗೆಯಲ್ಲಿ, ಬಟ್ಟೆಯ ಮಡಿಕೆಯೊಳಗೆ ಸಿಕ್ಕಿತು. ಎಲ್ಲ ನಿಂತಾಗ ಬರುವುದು, ಏನಾದರೂ ಅಲ್ಲಾಡಿದರೆ ಹೋಗುವುದು. ಗಿರಾಕಿಗಳ ಅಳತೆ ತೆಗೆಯುವಾಗ ಟೇಪಿನ ತುದಿ ಅವರ ಕೈಗೇ ಕೊಟ್ಟು "ನೀನೇ ಇಡ್ಕೊ ತಾಯಿ" ಅನ್ನತೊಡಗಿದೆ.

ಮೂರನೇ ಭಾನುವಾರ ಮದ್ದೂರಿನಲ್ಲಿ ಬಸ್ಸು ನಿಂತಾಗ ಹತ್ತಿದವಳು ಅರ್ಪಿತ, ವನಜಾಳ ಮಗಳು. ಮದ್ದೂರಿನ ಮೆಡಿಕಲ್ ಸ್ಟೋರಿನಲ್ಲಿ ಕೆಲಸ. ಎಂಟನೆಯವಳು ಬೇಕೆಂದು ಶಾಲಿನಿ ಮೇಡಂ ಕರೆಸಿದ್ದರು.

"ಅಮ್ಮನ ಜಾಗಕ್ಕೆ ನಾನು ಆಂಟಿ," ಎಂದು ನನ್ನ ಪಕ್ಕ ಕುಳಿತಳು. ಅದೇ ಕತ್ತು, ಅದೇ ಇಳಿಜಾರು ಭುಜ. ರವಿಕೆಯ ತೋಳು ಕೂರಿಸಲು ಕಷ್ಟ ಕೊಡುವ ಭುಜ ಅದು.

"ಉಸಾರು ಕಣವ್ವ," ಎಂದರು ಪಟ್ಟಲಮ್ಮ ಹಿಂದಿನ ಸೀಟಿನಿಂದ. "ಈ ಗಂಡ್ಸು ಕಾಲ್ ತುಳೀತಾನೆ."

ಹಾಲಿನಲ್ಲಿ ಅವಳ ಬೆನ್ನ ಮೇಲೆ ಕೈ ಇಟ್ಟೆ. ಒಂದು, ಎರಡು, ಮೂರು. ಬಂತು. ಐದು, ಆರು, ಏಳು. ಹೋಗಲಿಲ್ಲ. ಮತ್ತೆ ಒಂದರಲ್ಲೂ ಇತ್ತು, ಎರಡರಲ್ಲೂ ಇತ್ತು. ಕೈ ಬೆವರಿ ಅವಳ ಚೂಡಿದಾರಕ್ಕೆ ಅಂಟಿಕೊಂಡಿತು.

ಆ ವಾರವಿಡೀ ಯೋಚಿಸಿದೆ. ಗಾಳಿಯಲ್ಲಿ ಸಿಕ್ಕಿದೆ, ಹಿಟ್ಟಿನಲ್ಲಿ ಸಿಕ್ಕಿದೆ. ಇಂಥ ಕೈಯ ಮಾತು ನಂಬಿ, ತಾಯಿ ಸತ್ತು ವರ್ಷವಾದ ಹುಡುಗಿಗೆ ಏನಂತ ಹೇಳಲಿ? ಸುಳ್ಳಾದರೆ ಅವಳನ್ನು ಹೆದರಿಸಿದ ಪಾಪ. ನಿಜವೇ ಆಗಿದ್ದು, ನಾನು ಮತ್ತೊಮ್ಮೆ ಬಾಯಿ ಮುಚ್ಚಿಕೊಂಡಿದ್ದರೆ? ಹೇಳಿದರೆ ಅವಳು ಅಮ್ಮನ ಬಗ್ಗೆ ಕೇಳಿಯೇ ಕೇಳುತ್ತಾಳೆ. ನಿಜ ಹೇಳುತ್ತೇನೆ, ನನಗೆ ಎಲ್ಲಕ್ಕಿಂತ ಹೆಚ್ಚು ಭಯವಿದ್ದದ್ದು ಅದಕ್ಕೇ.

ಕಾರ್ಯಕ್ರಮದ ದಿನ ಮಧ್ಯಾಹ್ನ ಮಂಡ್ಯದ ಹಾಲು ತುಂಬಿತ್ತು. ವೇದಿಕೆಯ ಬದಿಯಲ್ಲಿ ಹಾರ ಹಾಕಿದ ವನಜಾಳ ಫೋಟೋ. ಹೊರಗೆ ಪಾರ್ಕಿಂಗಿನಲ್ಲಿ ತಪಾಸಣೆ ವ್ಯಾನು, ಬಂದವರು ನೋಡಲೆಂದು ಬಾಗಿಲು ತೆರೆದು ನಿಲ್ಲಿಸಿದ್ದರು. ನಾವು ನಾಲ್ವರು ಗಂಡಸರು ನಾನೇ ಹೊಲಿದ ಕಪ್ಪು ಪ್ಯಾಂಟಿನಲ್ಲಿ. "ಇಂದ್ರಮ್ಮ, ಮೀಸೆ ಒಂದ್ ಕಮ್ಮಿ ಆಯ್ತು ಕಣ್ಲಾ," ಎಂದು ಯಾರದೋ ಗಂಡ ಮುಂದಿನ ಸಾಲಿನಿಂದ ಕೂಗಿದ.

ಹಾಡು ಶುರುವಾಯಿತು. ಒಂದು, ಎರಡು, ಮೂರು.

ನಾಲ್ಕರಲ್ಲಿ ಬಾಯಿ ಬಿಟ್ಟೆ. "ಅರ್ಪಿತ, ನಿನ್ ಎಡಗಡೆ ಕಂಕುಳ್ ಕೆಳ್ಗೆ ನನ್ ಕೈಗೆ ಏನೋ ಗಂಟು ಸಿಗ್ತಾ ಅದೆ."

ಅವಳ ಹೆಜ್ಜೆ ತಪ್ಪಿತು. ಐದು, ಆರು, ಏಳು. ಮುಖದ ನಗು ಹಾಗೇ ಇತ್ತು, ಜನ ನೋಡುತ್ತಿದ್ದರಲ್ಲ.

"ಅಮ್ಮನಿಗೂ ಹೀಗೇ ಹೇಳಿದ್ರಾ ಆಂಟಿ?"

"ಇಲ್ಲ ಕಣವ್ವ. ಸಿಕ್ಕಿತ್ತು. ಏಳ್ನಿಲ್ಲ. ರವಿಕೆ ಅರ್ಧ ಇಂಚು ಬುಟ್ಟೆ, ಅಷ್ಟೇಯ."

ಅವಳು ನನ್ನ ಕೈಬಿಟ್ಟು ವೇದಿಕೆಯ ಮೆಟ್ಟಿಲಿಳಿದು ಸೀದಾ ಹೊರಗಿನ ವ್ಯಾನಿನ ಕಡೆ ಹೋದಳು. ನಾನು ಹಿಂದೆಯೇ ಓಡಿದೆ. "ಇದೂ ಡ್ಯಾನ್ಸಲ್ಲೇ ಬತ್ತದಾ?" ಎಂದು ಪಟ್ಟಲಮ್ಮ ಪುನೀತನನ್ನು ಕೇಳುವುದು ಬೆನ್ನ ಹಿಂದೆ ಕೇಳಿಸಿತು.

ವ್ಯಾನಿನಲ್ಲಿ ನರ್ಸಮ್ಮ ಪರದೆ ಎಳೆದು ಬಹಳ ಹೊತ್ತು ನೋಡಿದರು. ಆಮೇಲೆ ನನ್ನನ್ನು ಒಳಗೆ ಕರೆದರು. "ಎಲ್ಲಮ್ಮ ಸಿಕ್ಕಿದ್ದು? ನೀವೇ ತೋರಿಸಿ."

ಕೈ ಇಟ್ಟೆ. ಬೆಚ್ಚಗಿನ ಚರ್ಮ, ಪಕ್ಕೆಲುಬು. ಅಷ್ಟೇ. ಎಲ್ಲೆಲ್ಲಿ ಒತ್ತಿದರೂ ಅಷ್ಟೇ.

"ಏನೂ ಇಲ್ಲ," ಎಂದರು ನರ್ಸಮ್ಮ. "ಆದ್ರೂ ತಾಯಿಗೆ ಇತ್ತು ಅಂತೀರಿ. ಒಂದ್ಸಲ ಡಾಕ್ಟರ್ ಹತ್ರ ತೋರಿಸಿ, ಸ್ಕ್ಯಾನ್ ಬೇಕಾ ಅಂತ ಅವರು ಹೇಳ್ತಾರೆ." ಒಂದು ಚೀಟಿ ಬರೆದುಕೊಟ್ಟರು.

ಅರ್ಪಿತ ವ್ಯಾನಿನ ಮೆಟ್ಟಿಲ ಮೇಲೆ ಕುಳಿತಳು. ಹಾಲಿನೊಳಗೆ ಹಾಡು ಇನ್ನೂ ನಡೆದಿತ್ತು.

"ನನ್ನಲ್ಲಿ ಇಲ್ಲದ್ದು ನಿಮಗೆ ಸಿಕ್ತು ಆಂಟಿ," ಎಂದಳು. "ಅಮ್ಮನಲ್ಲಿ ಇದ್ದದ್ದು..." ನಾನು ಕ್ಷಮಿಸು ಅನ್ನಲಿಲ್ಲ. ಯಾವ ಬಾಯಲ್ಲಿ ಅನ್ನಲಿ?

ಆಮೇಲೆ ಚೀಟಿಯನ್ನು ಮಡಿಸುತ್ತಾ ಹೇಳಿದಳು. "ರವಿಕೆ ತಗೊಂಡ್ ಬಾ ಅಂತ ಅಮ್ಮ ಒಂದ್ಸಲ ನನ್ನ ಕಳಿಸಿದ್ರು. ನಿಮ್ಮ ಅಂಗಡಿ ಬಾಗಿಲಿಗೆ ಬಂದಿದ್ದೆ. ಅಷ್ಟರಲ್ಲಿ ಫೋನ್ ಮಾಡಿ, ಬ್ಯಾಡ ವಾಪಸ್ ಬಾ, ಇಂದ್ರಿ ಏನಾರ ಕೇಳ್ಬುಟ್ರೆ ಅಂದ್ರು. ಏನು ಕೇಳ್ತಾರೆ ಅಂತ ನಂಗೆ ಆವಾಗ ಗೊತ್ತಾಗ್ಲಿಲ್ಲ. ಅದು ಇದೆಯಾ ಇನ್ನೂ?"

"ಮಿಷನ್ ಡ್ರಾನಲ್ಲಿ ಅದೆ."

"ನಂಗೆ ಬೇಕು."

ಮಂಗಳವಾರ ಡಾಕ್ಟರಿಗೆ ತೋರಿಸಿ ಸೀದಾ ಅಂಗಡಿಗೆ ಬಂದಳು. ಏನೂ ಇಲ್ಲವಂತೆ, ವರ್ಷಕ್ಕೊಮ್ಮೆ ಬಾ ಎಂದರಂತೆ. ಹಸಿರು ರವಿಕೆ ತೊಟ್ಟು ಕನ್ನಡಿ ಮುಂದೆ ನಿಂತಳು. ತಾಯಿಯದೇ ಅಳತೆ. ಎಡಪಕ್ಕ ಮಾತ್ರ ಸ್ವಲ್ಪ ಸಡಿಲವಾಗಿ ಉಬ್ಬಿ ನಿಂತಿತ್ತು, ಒಳಗೆ ಇನ್ನೂ ಏನೋ ಇದ್ದ ಹಾಗೆ.

"ಅರ್ಧ ಇಂಚು ಇಡೀಲಾ?" ಎಂದೆ. ಬಾಯಲ್ಲಿ ಪಿನ್ನು ಇಟ್ಟುಕೊಂಡಿರಲಿಲ್ಲ.

"ಬೇಡ. ಹಾಗೇ ಇರ್ಲಿ."

ಕನ್ನಡಿಯಲ್ಲಿ ಅವಳು ನನ್ನನ್ನೇ ನೋಡುತ್ತಿದ್ದಳು. ಹೊರಗೆ ಬಸ್ಸೊಂದು ಹಾರ್ನ್ ಹೊಡೆದು ಹೋಯಿತು. ಬೀದಿ ಸುಮ್ಮನಾಯಿತು. ಉಬ್ಬಿದ ಆ ಬಟ್ಟೆಯ ಮೇಲೆ ನನ್ನ ಕೈ ಹೋಗಿ ಕುಳಿತಿತು. ಬೆರಳ ಕೆಳಗೆ ಅದು ಬಂತು.

ಈ ಸಲ ಕೈ ತೆಗೆಯಲಿಲ್ಲ. "ವನಜಾ," ಎಂದೆ, "ಇದೇನೆ ಇದು? ಯಾವತ್ನಿಂದ ಅದೆ?"

ಅರ್ಪಿತ ಅಲ್ಲಾಡದೆ ನಿಂತಿದ್ದಳು. ಕನ್ನಡಿಯೊಳಗೆ ಅವಳ ಕಣ್ಣು ತುಂಬಿದವು.