ಸೊನ್ನೆ ಅಡಿ ಎತ್ತರದಲ್ಲಿ

"ಅಳಿಯಂದ್ರ, ಕೆಳಗ ಕುಪ್ಪೇಲೂರಿನ ಬಸ್ಸು ಬೆಂಕಿಪೆಟ್ಟಿಗಿಯಷ್ಟು ಆಗೇತಲ್ರಿ! ನಿಮ್ಮ ಟಿವಿ ಇನ್ನೂ ಸೊನ್ನಿ ಅಡಿ ಅಂತ ಯಾಕ ತೋರಸಾಕತ್ತೈತಿ?"

ಪಕ್ಕದ ಸೀಟಿನಿಂದ ಅತ್ತೆ ಸೋಮವ್ವ ಕೇಳಿದಾಗ ವಿಜಯಮಹಾಂತೇಶ ಅದನ್ನು ಬೆರಳಿನಿಂದ ತಟ್ಟಿ ನೋಡಿದ. ಬ್ಯಾಡಗಿಯ ಮೆಣಸಿನಕಾಯಿ ಗೋದಾಮಿನಲ್ಲಿ ಸ್ವಂತ ಕೈಯಿಂದ ಈ ವಿಮಾನ ಕಟ್ಟಿದವನು ಆತ. ಅಲ್ಲಿನ ಘಾಟಿಗೆ ಅವನು ಸೀನಿದರೆ ಹಾವೇರಿಯಲ್ಲಿ ಕಿಟಕಿಗಳು ಪಟಪಟನೆ ಮುಚ್ಚಿಕೊಳ್ಳುತ್ತಿದ್ದವು. ಪರವಾನಗಿಗೆಂದು ದಿಲ್ಲಿಗೆ ಎಷ್ಟು ಅಲೆದನೆಂದರೆ, ಅಲ್ಲಿನ ಬೀದಿನಾಯಿಗಳು ಅವನನ್ನು ಕಂಡರೆ ಬಾಲ ಅಲ್ಲಾಡಿಸುತ್ತಿದ್ದವು. ಸುಳ್ಳೆನ್ನುವವರು ಆ ನಾಯಿಗಳನ್ನೇ ಕೇಳಬಹುದು.

ಅವನ ಮುಂದೆ ಎತ್ತರ, ವೇಗ ಎಲ್ಲವನ್ನೂ ಬಣ್ಣಬಣ್ಣವಾಗಿ ತೋರಿಸುವ ಪರದೆಯಿತ್ತು. ಅದು ಕೈಕೊಟ್ಟರೆ ಇರಲೆಂದು ಪಕ್ಕದಲ್ಲಿ ಎತ್ತರಕ್ಕೊಂದು, ವೇಗಕ್ಕೊಂದು ಮುಳ್ಳಿನ ಗುಂಡು ಮೀಟರು. "ಒಂದು ಸುಳ್ಳು ಹೇಳಿದರ ಇನ್ನೊಂದು ಖರೇ ಹೇಳತೈತ್ರಿ" ಎಂದು ಜಂಬ ಕೊಚ್ಚಿಯೇ ಅತ್ತೆಯನ್ನು ಹತ್ತಿಸಿಕೊಂಡಿದ್ದ. ಈಗ ಪರದೆ, ಮೀಟರು ಎರಡೂ ಸೇರಿ ಒಂದೇ ಸುಳ್ಳು ಹೇಳುತ್ತಿದ್ದವು. ಎತ್ತರ ಸೊನ್ನೆಯಲ್ಲೇ ನಿಂತಿತ್ತು. ಮೇಲೇರಿದಷ್ಟೂ ವೇಗ ಕಡಿಮೆಯೆಂದು ತೋರುತ್ತಿತ್ತು. ಖರೇ ವೇಗ ಗೊತ್ತಿಲ್ಲದೆ ಇಳಿಸಹೋದರೆ ವಿಮಾನ ಹೊಲದಲ್ಲಿ ಮೂಗೂರುವುದು ಖಂಡಿತ, ಅತ್ತೆಯ ಸಮೇತ.

"ಅತ್ತ್ಯಾರ, ಹೊರಡೂ ಮುಂದ ಏನರ ಮುಟ್ಟೀರೇನು?"

"ಪೂಜಿ ಮಾಡೇನ್ರಿ. ಬಾಲದ ಮಗ್ಗಲಿಗೆ ಸೂಜಿಯಷ್ಟು ತೂತು ಇದ್ವು. ಇರಬಿ ಹೊಕ್ಕಾವಂತ ದೇವರಗುಡ್ಡದ ಭಂಡಾರದ ಅರಿಷಿಣ ಎಣ್ಣ್ಯಾಗ ಕಲಸಿ ಮೆತ್ತೇನಿ. ಗಟ್ಟಿ ಕುಂತೈತಿ, ಹೆದರಬ್ಯಾಡ್ರಿ!"

ಹೊರಗಿನ ಗಾಳಿಯ ಒತ್ತಡ ಆ ತೂತುಗಳಿಂದ ಒಳಬಂದರೆ ಮಾತ್ರ ಎತ್ತರ, ವೇಗ ಸರಿಯಾಗಿ ತಿಳಿಯುವುದು. ಪರದೆಗೂ ಮೀಟರುಗಳಿಗೂ ಅಲ್ಲಿಂದ ಒಂದೇ ಕೊಳವೆ ಎಳೆದ ಜಾಣ ಬೇರಾರೂ ಅಲ್ಲ, ಅಳಿಯನೇ. ಬೈಯಲು ಹೊರಟವನು ಅತ್ತೆಯ ಮಡಿಲಿನ ಎಲೆಅಡಿಕೆಯ ಸಂಚಿಯತ್ತ ಕೈ ತೋರಿಸಿದ.

"ಎಲಿಸಂಚಿಯಾಗಿನ ಅಡಕೊತ್ತು ತಗೀರಿ. ಈ ಎತ್ತರದ ಮೀಟರಿನ ಗಾಜು ಒಡೀರಿ. ಒಳಗಿನ ಗಾಳಿನರ ಕೊಳವಿಗೆ ಹೋಗ್ಲಿ. ಲಗೂ!"

"ಅಯ್ಯ, ಹೊಸಾ ಸಾಮಾನು! ಪೂಜಿ ಮಾಡಿದ ದಿನಾ ಗಾಜು ಒಡೀಬಾರದ್ರಿ."

"ಅದನ್ನ ಒಡೀಲಿಲ್ಲಂದ್ರ ನಾವಿಬ್ರೂ ಒಡೀತೇವ್ರಿ!"

ಸೋಮವ್ವ ಕಣ್ಣು ಮುಚ್ಚಿದಳು. "ಏಳುಕೋಟಿಗೋ!" ಎಂದು ದೇವರಗುಡ್ಡದ ದೇವರನ್ನು ಕೂಗಿ ಕುಟ್ಟಿದಳು. ಆ ಸದ್ದಿಗೆ ಕುಮಾರಪಟ್ಟಣದ ಫ್ಯಾಕ್ಟರಿಯವರು ಪಾಳಿ ಮುಗಿಯಿತೆಂದು ಮನೆಗೆ ಹೊರಟರಂತೆ. ಮುಳ್ಳು ಛಂಗನೆ ಜಿಗಿದು ಎರಡು ಸಾವಿರ ಅಡಿಗೆ ನಿಂತಿತು. ಪರದೆಯೂ ಹೌದೆಂದಿತು. ವೇಗವೂ ಸರಿಹೋಯಿತು.

ರಾಣೆಬೆನ್ನೂರಿನ ಆಚೆಯ ಬಯಲಿನಲ್ಲಿ ಅವನು ಎಷ್ಟು ಹಗುರವಾಗಿ ಇಳಿಸಿದನೆಂದರೆ, ಗಾಲಿ ಮುಟ್ಟಿದ್ದು ನೆಲಕ್ಕೇ ಗೊತ್ತಾಗಲಿಲ್ಲ. ಹೆಂಡತಿ ರೋಹಿಣಿ ಓಡಿಬಂದಳು.

"ಯವ್ವಾ, ಹೆಂಗಿತ್ತು?"

"ಎಲ್ಲಿ ನೋಡಾಕ ಬಿಟ್ರವಾ ನಿನ್ನ ಗಂಡ? ಅಲ್ಲೂ ಕೆಲಸಾ ಹಚ್ಚಿದ್ರು. ಇನ್ನೊಂದು ಸುತ್ತು ಒಯ್ರಿ ಅಂತ ಹೇಳು."

ವಿಜಯಮಹಾಂತೇಶ ಹೆಂಡತಿಯಿಂದ ಸೇಫ್ಟಿ ಪಿನ್ನು ಇಸಿದುಕೊಂಡು ಬಾಲದ ತೂತುಗಳ ಮುಂದೆ ಮೊಣಕಾಲೂರಿದ. ಸೋಮವ್ವ ಸೀಟು ಬಿಟ್ಟು ಇಳಿಯಲಿಲ್ಲ. ಅಳಿಯನ ಸೀಟಿನ ಮೇಲಿನ ಗಾಜಿನ ಚೂರುಗಳನ್ನು ಒಂದೊಂದಾಗಿ ಆರಿಸಿ ಸೆರಗಿನ ತುದಿಗೆ ಹಾಕಿಕೊಳ್ಳುತ್ತಿದ್ದಳು.