ಒರೆಯೊಳಗೆ ಕೂರದ ಅಲಗು

ತೊಳೆದು ಕೊಡಿ ಎಂದು ಸಾರಿಯೆಮ್ ಅಜ್ಜಿ ಒಪ್ಪಿಸಿಹೋಗಿದ್ದ ಮನೆತನದ ಕಠಾರಿಯ ಅಲಗನ್ನು ಕಠಾರಿ ತೊಳೆಯುವ ಬಪಕ್ ದಾರ್ಸನೊ ತಾವೇ ಇಟ್ಟುಕೊಂಡರು. ಅದರ ಒರೆಯೊಳಗೆ ಬೇರೊಂದು ಅಲಗು ಹಾಕಿದರು.

ವರ್ಷದ ಮೊದಲ ತಿಂಗಳಾದ ಸುರೋದ ಒಂಬತ್ತನೇ ಬೆಳಿಗ್ಗೆ ಅದು ವಾರ್ತಿನಿಯ ಕೈಗೆ ಬಂತು. ಸೋಲೋ ಊರಲ್ಲಿ ಅಲಗು ಒರೆ ಬಿಟ್ಟು ಹೊರಬರುವುದು ಆ ತಿಂಗಳಲ್ಲಿ ಮಾತ್ರ. ನಿಂಬೆರಸದಲ್ಲಿ ಮಿಂದು, ಉಕ್ಕಿನ ಗೆರೆಗಳು ಎದ್ದು ಕಾಣಲೆಂದು ಪಾಷಾಣ ಬಳಿಸಿಕೊಂಡು ಮತ್ತೆ ಒಳಸೇರಿದರೆ, ಉಳಿದ ಹನ್ನೊಂದು ತಿಂಗಳು ಹೂವಿಡುವವರುಂಟು, ಬಿಚ್ಚಿ ನೋಡುವವರಿಲ್ಲ.

ವಾರ್ತಿನಿ ದಾರ್ಸನೊ ಅವರ ಕೈಕೆಳಗೆ ಒರೆ ಕೆತ್ತುವವಳು; ಅವರನ್ನು ಬಪಕ್, ಅಪ್ಪಾ, ಎಂದೇ ಕರೆಯುವವಳು. ಅಜ್ಜಿಯ ಗಂಧದ ಒರೆಯೂ ಅವಳು ಕೆತ್ತಿದ್ದೇ. ಒಂದು ಒರೆ ಒಂದೇ ಅಲಗಿಗೆ. ಅಲಗಿನ ಬುಡ ಒರೆಯ ಬಾಯಲ್ಲಿ ಕೂತರೆ ನಡುವೆ ಕೂದಲೂ ತೂರಬಾರದು. ಇದು ಅರ್ಧ ಬೆರಳು ಮೇಲೇ ನಿಂತಿತು. ತನ್ನ ಉಳಿಯೇ ತಪ್ಪಿತೇನೋ ಎಂದು ಮೊದಲು ತನ್ನನ್ನೇ ಅನುಮಾನಿಸಿದಳು; ಕೂಲಿಯವರಿಗೆ ಮೊದಲು ಬರುವ ಅನುಮಾನ ಅದೇ. ಆಮೇಲೆ ಹಾವಿನ ಹಾಗೆ ಹರಿದ ಅಲಗಿನ ಬಳುಕುಗಳನ್ನು ಎಣಿಸಿದಳು. ಹನ್ನೊಂದು. ಮತ್ತೆ ಎಣಿಸಿದಳು. ಅಜ್ಜಿಯದಕ್ಕೆ ಹದಿಮೂರಿದ್ದವು.

"ಬಪಕ್, ಇದು ಅಜ್ಜೀದಲ್ಲ."

ದಾರ್ಸನೊ ಕಾಫಿ ಲೋಟ ಕೆಳಗಿಡಲಿಲ್ಲ. "ಗೊತ್ತು ಕಣೇ. ಒರೆ ಬಾಯಿಗೆ ಸ್ವಲ್ಪ ಅರ ಹಾಕು, ಕೂತ್ಕೊಳ್ಳತ್ತೆ."

"ಅವರದೆಲ್ಲಿ?"

ಅವರು ಗದ್ದ ಎತ್ತಿ ಗಾಜಿನ ಕಪಾಟು ತೋರಿಸಿದರು. ಅವರ ಸಂಗ್ರಹದ ನಟ್ಟನಡುವೆ ಹದಿಮೂರು ಬಳುಕಿನ ಅಲಗು ನಿಂತಿತ್ತು. ಹಿಡಿಯ ಕೆಳಗೆ ವಜ್ರದ ಉಂಗುರ, ಪಕ್ಕದಲ್ಲಿ ಚಿನ್ನದ ತಗಡು ಹೊದಿಸಿದ ಹೊಸ ಒರೆ. ಆ ಒರೆಯನ್ನೂ ಕೆತ್ತಿದ್ದು ವಾರ್ತಿನಿಯೇ. ಯಾವುದಕ್ಕೆಂದು ಕೇಳಿರಲಿಲ್ಲ, ಕೊಟ್ಟ ಅಳತೆಗೆ ಕೆತ್ತಿದ್ದಳು.

"ಆ ಗುಡಿಸಲಲ್ಲಿ ತುಕ್ಕು ತಿಂತಿತ್ತು. ಇಲ್ಲಿ ನೋಡು, ಮದುಮಗನ ಹಾಗಿದೆ."

"ಅಜ್ಜಿ ಅದನ್ನ ತಾತ ಅಂತ ಕರೀತಾರೆ."

"ಇದನ್ನೂ ಕರೀಲಿ ಬಿಡು. ಕಣ್ಣಿಗೆ ಪೊರೆ ಬಂದ ಮುದುಕಿ ಹನ್ನೊಂದೋ ಹದಿಮೂರೋ ಎಣಿಸ್ತಾಳಾ?"

"ನಾನು ಎಣಿಸ್ದೆ."

"ಓಹೋ, ಪಂಡಿತೆ. ನಿಂಗೆ ಎಣಿಸೋದು ಕಲಿಸಿದ್ಯಾರು?"

"ನೀವೇ."

ದಾರ್ಸನೊ ನಕ್ಕರು. ಹದಿನಾರು ವರ್ಷ ಆ ನಗುವನ್ನು ಗುರುವಿನ ನಗು ಎಂದೇ ತಿಳಿದಿದ್ದಳು ಅವಳು.

ಬಾಗಿಲಲ್ಲಿ ಬಿಳಿ ಬಟ್ಟೆ ಮಡಿಸಿ ಹಿಡಿದು ಸಾರಿಯೆಮ್ ಅಜ್ಜಿ ನಿಂತಿದ್ದಳು. "ನಮ್ಮ ತಾತನ ಸ್ನಾನ ಆಯ್ತೇನಮ್ಮಾ? ಕರ್ಕೊಂಡ್ಹೋಗೋಣ ಅಂತ ಬಂದೆ."

ದಾರ್ಸನೊ ಅರವನ್ನು ವಾರ್ತಿನಿಯ ಮಡಿಲಿಗೆ ತಳ್ಳಿ ದನಿ ತಗ್ಗಿಸಿದರು. "ಬೇಗ ಉಜ್ಜು."

ವಾರ್ತಿನಿ ಅರವನ್ನು ಚಾಪೆಯ ಮೇಲಿಟ್ಟಳು.

"ಉಜ್ಜಲ್ಲ, ಬಪಕ್," ಎಂದಳು, ಬಾಗಿಲವರೆಗೂ ಕೇಳುವ ಹಾಗೆ.